ವ್ಯತ್ಯಾಸ ಕಾಣಲಿಲ್ಲ ಅಂದರೆ ಎರಡೂ ಒಂದೇ ಅಂತಲ್ಲ

ಹೊಸ ಚಿಕಿತ್ಸೆಯನ್ನು ಈಗಿರುವ ಚಿಕಿತ್ಸೆಯ ಜೊತೆ ಹೋಲಿಸಿ ನೋಡಬೇಕು ಅಂತ ವೈದ್ಯರು ಸಂಖ್ಯಾಶಾಸ್ತ್ರದ ಕೆಲಸ ಮಾಡುವ ನನ್ನ ಹತ್ತಿರ ಬಂದರೆ ಮೊದಲು ಕೇಳುವುದು, "ಎಷ್ಟು ರೋಗಿಗಳು ಬೇಕಾಗ್ತಾರೆ?" ಅಂತ. ಉತ್ತರಕ್ಕೆ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಎಷ್ಟು ವ್ಯತ್ಯಾಸ ಸಿಕ್ಕರೆ ನೀವು ಹಳೆಯ ಔಷಧಿ ಬರೆಯುವುದನ್ನು ಬಿಡುತ್ತೀರಿ? ಸಂಖ್ಯಾಶಾಸ್ತ್ರದ ಯಾವ ಸೂತ್ರವೂ ಇದಕ್ಕೆ ಉತ್ತರ ಕೊಡುವುದಿಲ್ಲ. ದಿನವೂ ರೋಗಿಗಳನ್ನು ನೋಡುವವರೇ ಹೇಳಬೇಕು.

ಒಂದು ಲೆಕ್ಕ ನೋಡೋಣ. ಈಗಿನ ಚಿಕಿತ್ಸೆ ಪಡೆದ ನೂರು ಜನರಲ್ಲಿ 20 ಮಂದಿ ಸಾಯುತ್ತಾರೆ ಅಂತಿಟ್ಟುಕೊಳ್ಳಿ. ಹೊಸದು ಅದನ್ನು 10ಕ್ಕೆ ಇಳಿಸುತ್ತದೆ ಅಂದುಕೊಂಡರೆ ಒಂದೊಂದು ಗುಂಪಿಗೂ ಸುಮಾರು 200 ಜನ ಸಾಕು. 15ಕ್ಕೆ ಮಾತ್ರ ಇಳಿಸುತ್ತದೆ ಅಂದುಕೊಂಡರೆ ಸುಮಾರು 900 ಜನ ಬೇಕು. ವ್ಯತ್ಯಾಸ ಅರ್ಧವಾದರೆ ಜನ ನಾಲ್ಕು ಪಟ್ಟಿಗೂ ಜಾಸ್ತಿ. ಈ ಲೆಕ್ಕದಲ್ಲಿ ಎರಡು ವಿಷಯ ಮೊದಲೇ ಒಪ್ಪಿಕೊಂಡಿರುತ್ತೇವೆ. ಇಲ್ಲದ ವ್ಯತ್ಯಾಸವನ್ನು ಇದೆ ಅನ್ನುವ ಸಾಧ್ಯತೆ ಶೇ. 5 ಮೀರಬಾರದು. ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ ಶೇ. 80 ಇರಬೇಕು. ಎರಡನೆಯದನ್ನೇ ಪವರ್ ಅನ್ನುವುದು. ಅಂದರೆ ಚೆನ್ನಾಗಿ ಯೋಜಿಸಿದ ಪ್ರಯೋಗ ಕೂಡ ಐದರಲ್ಲಿ ಒಂದು ಸಲ ಇರುವ ವ್ಯತ್ಯಾಸವನ್ನೇ ಕಾಣದೆ ಹೋಗಬಹುದು.

900 ಅಂದ ಕೂಡಲೇ ಎದುರಿಗಿದ್ದವರ ಮುಖ ಸಪ್ಪಗಾಗುತ್ತದೆ. ಅಷ್ಟು ರೋಗಿಗಳೂ ಸಿಗುವುದಿಲ್ಲ, ದುಡ್ಡೂ ಇರುವುದಿಲ್ಲ. "ಹಾಗಾದ್ರೆ 10ಕ್ಕೆ ಇಳಿಯುತ್ತೆ ಅಂತಲೇ ಬರೆಯೋಣ, 200 ಸಾಕಾಗುತ್ತಲ್ವಾ?" ಅನ್ನುತ್ತಾರೆ. ನಾನು ಗಟ್ಟಿಯಾಗಿ ಬೇಡ ಅನ್ನುವುದು ಇಲ್ಲಿಯೇ. ನಿಜವಾಗಿ ಇಳಿಯುವುದು 15ಕ್ಕೆ ಆಗಿದ್ದರೆ, 200 ಜನರ ಗುಂಪುಗಳಲ್ಲಿ ಅದನ್ನು ಹಿಡಿಯುವ ಸಾಧ್ಯತೆ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ. ರೋಗಿಗಳು ನಂಬಿ ಸಹಿ ಹಾಕಿರುತ್ತಾರೆ, ರಕ್ತ ಕೊಟ್ಟಿರುತ್ತಾರೆ, ಮತ್ತೆ ಮತ್ತೆ ಆಸ್ಪತ್ರೆಗೆ ಬಂದಿರುತ್ತಾರೆ. ಉತ್ತರವೇ ಸಿಗದಂಥ ಪ್ರಯೋಗಕ್ಕೆ ಅವರನ್ನು ಸೇರಿಸಿಕೊಳ್ಳುವುದು ಅನ್ಯಾಯ.

ಇದರ ಹಾನಿ ಅಲ್ಲಿಗೇ ಮುಗಿಯುವುದಿಲ್ಲ. ಅಂಥ ಪ್ರಯೋಗದಲ್ಲಿ ಹಳೆಯ ಚಿಕಿತ್ಸೆಯ 200 ಜನರಲ್ಲಿ 40, ಹೊಸದರ 200 ಜನರಲ್ಲಿ 30 ಮಂದಿ ಸತ್ತರು ಅಂದುಕೊಳ್ಳಿ. ವರದಿಯಲ್ಲಿ "ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ" ಅಂತ ಬರುತ್ತದೆ. ಓದಿದವರು "ಓ, ಎರಡೂ ಒಂದೇ" ಅಂದುಕೊಳ್ಳುತ್ತಾರೆ. ಆದರೆ ಇದೇ ಅಂಕಿಗಳ ಶೇ. 95ರ ವಿಶ್ವಾಸ ವ್ಯಾಪ್ತಿ, ಅಂದರೆ ನಿಜವಾದ ವ್ಯತ್ಯಾಸ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಅಂದಾಜು ನೋಡಿ. ಹೊಸ ಔಷಧಿಯಿಂದ ನೂರಕ್ಕೆ 12 ಸಾವು ಕಡಿಮೆಯಾಗಬಹುದು, ಇಲ್ಲವೇ 2 ಹೆಚ್ಚಾಗಬಹುದು. ಈ ಪ್ರಯೋಗಕ್ಕೆ ಇನ್ನೂ ಏನೂ ಗೊತ್ತಾಗಿಲ್ಲ, ಅಷ್ಟೇ.

1948ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಸ್ಟ್ರೆಪ್ಟೊಮೈಸಿನ್ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಕ್ಷಯರೋಗಿಗಳು ಒಟ್ಟು 107 ಮಂದಿ. ಯಾರಿಗೆ ಔಷಧಿ, ಯಾರಿಗೆ ಬರೀ ವಿಶ್ರಾಂತಿ ಅನ್ನುವುದು ಮುಚ್ಚಿದ ಲಕೋಟೆಯಲ್ಲಿತ್ತು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಆ ಹಂಚಿಕೆಯನ್ನು ಯಾದೃಚ್ಛಿಕ ಸಂಖ್ಯೆಗಳಿಂದ, ಅಂದರೆ ಲಾಟರಿ ಎತ್ತಿದ ಹಾಗೆ, ತಯಾರಿಸಿದ್ದರು. ಹಾಗಾಗಿ ಮುಂದಿನ ರೋಗಿ ಯಾವ ಗುಂಪಿಗೆ ಅಂತ ವೈದ್ಯರಿಗೆ ಮೊದಲೇ ತಿಳಿಯುತ್ತಿರಲಿಲ್ಲ. ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4 ಮಂದಿ ಸತ್ತರು, ಪಡೆಯದ 52ರಲ್ಲಿ 14 ಮಂದಿ. ವ್ಯತ್ಯಾಸ ಅಷ್ಟು ದೊಡ್ಡದಿದ್ದದ್ದರಿಂದ ಅಷ್ಟೇ ಜನರಲ್ಲಿ ಉತ್ತರ ಸಿಕ್ಕಿತು. ಈಗ ಬಹಳಷ್ಟು ಕಾಯಿಲೆಗಳಿಗೆ ಹಳೆಯ ಚಿಕಿತ್ಸೆಯೇ ತಕ್ಕಮಟ್ಟಿಗೆ ಚೆನ್ನಾಗಿದೆ. ಹೊಸದು ಅದರ ಮೇಲೆ ತರುವ ಲಾಭ ಸಣ್ಣದು, ಆದರೂ ಬೆಲೆಯುಳ್ಳದ್ದು.

ಕೆಲವು ಸಲ ಹೊಸದು ಮೇಲು ಅಂತ ತೋರಿಸುವುದು ಉದ್ದೇಶವೇ ಅಲ್ಲ. ಇಂಜೆಕ್ಷನ್ ಬದಲು ಮಾತ್ರೆ, ಆರು ತಿಂಗಳ ಬದಲು ನಾಲ್ಕು ತಿಂಗಳು. ಹಳೆಯದಕ್ಕಿಂತ ತೀರಾ ಕಡಿಮೆ ಇಲ್ಲ ಅಂತ ತೋರಿಸಿದರೆ ಸಾಕು. ಆಗ "ತೀರಾ ಕಡಿಮೆ" ಅಂದರೆ ಎಷ್ಟು ಅಂತ ಮೊದಲೇ ಬರೆದಿಡಬೇಕು. ಅದನ್ನು ಮಾರ್ಜಿನ್ ಅನ್ನುತ್ತೇವೆ. ಹಳೆಯದರಿಂದ ನೂರಕ್ಕೆ 90 ಜನ ಗುಣವಾಗುತ್ತಿದ್ದರೆ, 10ರ ಮಾರ್ಜಿನ್‌ಗೆ ಗುಂಪಿಗೆ ಸುಮಾರು 140 ಜನ ಸಾಕು. 5ಕ್ಕೆ ಸುಮಾರು 565 ಬೇಕು. 10 ಅಂತ ಬರೆಯುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ಮಾತ್ರೆಯ ಅನುಕೂಲಕ್ಕಾಗಿ ನೂರರಲ್ಲಿ ಹತ್ತು ಜನ ಗುಣವಾಗದೆ ಉಳಿದರೂ ಪರವಾಗಿಲ್ಲವೇ ಅಂತ ಕಾಯಿಲೆ ಇದ್ದವರನ್ನೇ ಕೇಳಿ ನೋಡಿ. ಇವತ್ತು ಹೀಗೆ ಪಾಸಾದ ಔಷಧಿಯೇ ನಾಳೆ ಇನ್ನೊಂದಕ್ಕೆ ಅಳತೆಗೋಲಾಗುತ್ತದೆ. ಹಂತ ಹಂತವಾಗಿ ಗುಣಮಟ್ಟ ಕೆಳಗಿಳಿಯುತ್ತದೆ.

ಔಷಧಿ ಸರಿಯಾಗಿ ತೆಗೆದುಕೊಳ್ಳದವರನ್ನು ಕೊನೆಯಲ್ಲಿ ಲೆಕ್ಕದಿಂದ ಬಿಡೋಣ ಅಂತಲೂ ಕೇಳುತ್ತಾರೆ. ನ್ಯಾಯವೇ ಅಲ್ವಾ ಅನಿಸುತ್ತದೆ. ಹೃದ್ರೋಗದ ಔಷಧಿಗಳನ್ನು ಪರೀಕ್ಷಿಸಿದ ಅಮೆರಿಕದ ಕೊರೊನರಿ ಡ್ರಗ್ ಪ್ರಾಜೆಕ್ಟ್ 1980ರಲ್ಲಿ ಪ್ರಕಟಿಸಿದ ಅಂಕಿ ನೋಡಿದರೆ ಹಾಗೆ ಅನಿಸುವುದಿಲ್ಲ. ಔಷಧಿಯ ಅಂಶವೇ ಇಲ್ಲದ ಪ್ಲಸೀಬೊ ಮಾತ್ರೆಯನ್ನು ನಿಷ್ಠೆಯಿಂದ ನುಂಗಿದವರಲ್ಲಿ ಐದು ವರ್ಷದಲ್ಲಿ ಶೇ. 15 ಮಂದಿ ಸತ್ತರೆ, ಸರಿಯಾಗಿ ನುಂಗದವರಲ್ಲಿ ಶೇ. 28. ತಪ್ಪದೆ ಮಾತ್ರೆ ನುಂಗುವವರೇ ಬೇರೆ ಥರದ ಜನ. ಅವರನ್ನಷ್ಟೇ ಆರಿಸಿಕೊಂಡರೆ ಲಾಟರಿಯಿಂದ ಸಿಕ್ಕ ಸಮಾನತೆ ಹಾಳಾಗುತ್ತದೆ. ಹಾಗಾಗಿ ಯಾರು ಯಾವ ಗುಂಪಿಗೆ ಬಿದ್ದರೋ ಆ ಗುಂಪಿನಲ್ಲೇ ಎಣಿಸಬೇಕು. ಮಾರ್ಜಿನ್ ಇಟ್ಟ ಪ್ರಯೋಗಗಳಲ್ಲಿ ಮಾತ್ರ ಎರಡೂ ರೀತಿ ಎಣಿಸಿ ತೋರಿಸಿ. ಅಲ್ಲಿ ಎಲ್ಲರೂ ಔಷಧಿ ಬಿಟ್ಟರೆ ಎರಡು ಗುಂಪೂ ಒಂದೇ ಥರ ಕಂಡು, ಹೊಸದು ಸುಮ್ನೆ ಗೆದ್ದುಬಿಡುತ್ತದೆ.

ಪ್ರಯೋಗ ಮುಗಿಯುವ ಮೊದಲೇ ನಡುವೆ ಅಂಕಿಗಳನ್ನು ಇಣುಕಿ ನೋಡುವುದಕ್ಕೂ ನಿಯಮ ಬೇಕು. ಐದು ಸಲ ನೋಡಿ, ಪ್ರತಿ ಸಲವೂ ಅದೇ ಶೇ. 5ರ ಗೆರೆ ಇಟ್ಟರೆ ತಪ್ಪು ಗೆಲುವಿನ ಸಾಧ್ಯತೆ ಸುಮಾರು ಶೇ. 14ಕ್ಕೆ ಏರುತ್ತದೆ. ಹಾಗಂತ ನೋಡದೆ ಇರುವುದಕ್ಕೂ ಆಗುವುದಿಲ್ಲ. ಹೃದಯಾಘಾತವಾದವರ ಬಡಿತದ ಏರುಪೇರು ತಗ್ಗಿಸುವ ಎನ್‌ಕೈನೈಡ್, ಫ್ಲೆಕೈನೈಡ್ ಔಷಧಿಗಳನ್ನು ಪ್ಲಸೀಬೊ ಜೊತೆ ಹೋಲಿಸಿದ ಕಾಸ್ಟ್ (CAST) ಅನ್ನುವ ಪ್ರಯೋಗದಲ್ಲಿ ಸ್ವತಂತ್ರ ಸಮಿತಿಯೊಂದು ಅಂಕಿಗಳನ್ನು ನೋಡುತ್ತಿತ್ತು. 1989ರಲ್ಲಿ ಈ ಎರಡು ಔಷಧಿಗಳನ್ನು ನಿಲ್ಲಿಸಲಾಯಿತು. ಅಂತಿಮ ಲೆಕ್ಕದಲ್ಲಿ ಔಷಧಿ ಪಡೆದ 755 ಜನರಲ್ಲಿ 63 ಸಾವು, ಪ್ಲಸೀಬೊ ಪಡೆದ 743ರಲ್ಲಿ 26. ಬಡಿತದ ಏರುಪೇರು ತಗ್ಗಿದೆ ಅಂತ ಮೊದಲೇ ಖಾತ್ರಿಯಾದವರನ್ನೇ ಆ ಹೋಲಿಕೆಗೆ ಸೇರಿಸಿದ್ದರು. ಇಸಿಜಿಯನ್ನಷ್ಟೇ ಅಳೆದಿದ್ದರೆ ಆ ಔಷಧಿಗಳು ಗೆದ್ದಿರುತ್ತಿದ್ದವು.