ತಂತಿ ಎಳೆದರೆ ಸ್ವರ ಕೆಳಗಿಳಿಯುವುದೇಕೆ?

ಗಿಟಾರ್ ಆಂಪ್ ಸಾಫ್ಟ್‌ವೇರ್ (ಗಿಟಾರಿನ ಆಂಪ್ಲಿಫೈಯರ್ ಸದ್ದನ್ನು ಕಂಪ್ಯೂಟರಿನಲ್ಲಿ ಅನುಕರಿಸುವಂಥದ್ದು) ಬಗ್ಗೆ ಮಾತು ಬಂದರೆ ಈ ದೂರು ಗ್ಯಾರಂಟಿ: “ಡಿಜಿಟಲ್ ಅಂದರೆ ಸದ್ದನ್ನು ಚೂರು ಚೂರು ಮಾಡೋದು. ಎರಡು ಚೂರಿನ ಮಧ್ಯೆ ಇದ್ದದ್ದು ಹೋಯ್ತು. ಅದಕ್ಕೇ ಜೀವ ಇಲ್ಲ.”

ಇದು ತಪ್ಪು. ಮಧ್ಯದ್ದು ಎಲ್ಲೂ ಹೋಗುವುದಿಲ್ಲ. ಸೆಕೆಂಡಿಗೆ ಎಷ್ಟು ಚೂರು (ಸ್ಯಾಂಪಲ್) ಅನ್ನುವುದೇ ಸ್ಯಾಂಪಲ್ ರೇಟ್. ಅದರ ಅರ್ಧಕ್ಕಿಂತ ಕೆಳಗಿನ ಆವರ್ತನದ ಸದ್ದು ಮಾತ್ರ ಒಳಗೆ ಬಿಟ್ಟರೆ, ಆ ಚೂರುಗಳಿಂದಲೇ ಮೂಲ ಅಲೆಯನ್ನು ಮತ್ತೆ ಕಟ್ಟಬಹುದು. ಇಂಜಿನಿಯರ್ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಟೆಲಿಗ್ರಾಫ್ ಲೆಕ್ಕ ಮಾಡುತ್ತಾ ಇದಕ್ಕೆ ಬುನಾದಿ ಹಾಕಿದರು. ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಸಾಧಿಸಿ ತೋರಿಸಿದರು. ಇಷ್ಟಾದರೂ ದೂರುವವರ ಕಿವಿಯನ್ನು ನಾನು ಅನುಮಾನಿಸುವುದಿಲ್ಲ. ಅವರಿಗೆ ಕೇಳಿದ್ದು ನಿಜ, ಹೇಳುವ ಕಾರಣ ಮಾತ್ರ ತಪ್ಪು.

ಗಿಟಾರಿನ ಸಿಗ್ನಲ್ 48,000 ಸ್ಯಾಂಪಲ್ ರೇಟಿನಲ್ಲಿ ಕಂಪ್ಯೂಟರಿಗೆ ಬರುತ್ತದೆ ಅಂತಿಟ್ಟುಕೊಳ್ಳಿ. 24,000 ಹರ್ಟ್ಸ್‌ಗಿಂತ ಮೇಲಿನದ್ದನ್ನು ಕನ್ವರ್ಟರಿನ (ಸದ್ದನ್ನು ಅಂಕಿಗಳಾಗಿಸುವ ಸಾಧನ) ಫಿಲ್ಟರ್ ಮೊದಲೇ ತೆಗೆದುಬಿಡುತ್ತದೆ. ಇಲ್ಲಿಯವರೆಗೆ ಎಲ್ಲ ಶುದ್ಧ.

ತೊಂದರೆ ಶುರುವಾಗುವುದು ಆಂಪ್ ಮಾಡೆಲ್ ಒಳಗೆ. ಡಿಸ್ಟಾರ್ಷನ್ ಅಂದರೆ ಅಲೆಯ ತಲೆ ಕತ್ತರಿಸುವುದು. ಕತ್ತರಿಸಿದಾಗ ಮೂಲ ಸ್ವರದ ಮೂರರಷ್ಟು, ಐದರಷ್ಟು, ಏಳರಷ್ಟು ಆವರ್ತನದ ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ನಿಜವಾದ ಟ್ಯೂಬ್ ಆಂಪಿನಲ್ಲಿ ಅವು ಎಷ್ಟು ಮೇಲೆ ಹೋದರೂ ಯಾರಿಗೂ ತೊಂದರೆ ಇಲ್ಲ. ಕಂಪ್ಯೂಟರಿನಲ್ಲಿ 24,000ದ ಮೇಲೆ ಜಾಗವೇ ಇಲ್ಲ. ಬಾಗಿಲಿನ ಫಿಲ್ಟರ್ ಏನೂ ಮಾಡಲಾರದು, ಇವು ಹುಟ್ಟಿದ್ದೇ ಒಳಗೆ. ದರ್ಜಿಯ ಅಳತೆಪಟ್ಟಿಯನ್ನು 24ಕ್ಕೆ ಮಡಿಚಿ. 25 ಬಂದು 23ರ ಮೇಲೆ ಕೂರುತ್ತದೆ, 30 ಬಂದು 18ರ ಮೇಲೆ, 46 ಬಂದು 2ರ ಮೇಲೆ. ಮೇಲೆ ಹೋದ ಹಾರ್ಮೋನಿಕ್‌ಗಳೂ ಹೀಗೇ ಮಡಿಚಿಕೊಂಡು ಕೆಳಗೆ ಬರುತ್ತವೆ. ಇದೇ ಅಲಿಯಾಸಿಂಗ್.

ತೆಳು ಇ ತಂತಿಯ 24ನೇ ಫ್ರೆಟ್ (ವೀಣೆಯ ಮೆಟ್ಟಿಲಿನಂಥ ಪಟ್ಟಿ) ಹಿಡಿಯಿರಿ. ಸುಮಾರು 1,318.5 ಹರ್ಟ್ಸ್. ಅದರ 33ನೇ ಹಾರ್ಮೋನಿಕ್ 43,511. ಮಡಿಚಿದರೆ 4,489. ಈಗ ತಂತಿಯನ್ನು ಅರ್ಧ ಸ್ವರ ಮೇಲಕ್ಕೆ ಎಳೆಯಿರಿ. ಹಾರ್ಮೋನಿಕ್ 46,098ಕ್ಕೆ ಏರುತ್ತದೆ, ಮಡಿಚಿ ಬಂದದ್ದು 1,902ಕ್ಕೆ ಇಳಿಯುತ್ತದೆ. ನೀವು ಅರ್ಧ ಸ್ವರ ಹತ್ತಿದರೆ ಅದು ಒಂದು ಸ್ಥಾಯಿಗಿಂತ ಜಾಸ್ತಿ ಜಾರುತ್ತದೆ! ಎಳೆಯದೆ ಸುಮ್ನೆ ಹಿಡಿದರೂ ನೆಮ್ಮದಿ ಇಲ್ಲ. 35ನೇ ಹಾರ್ಮೋನಿಕ್ ಮಡಿಚಿ 1,852ಕ್ಕೆ ಬೀಳುತ್ತದೆ. ನಿಮ್ಮ ಸ್ವರ ಷಡ್ಜವಾದರೆ, ಇದು ಪ್ರತಿ ಮಧ್ಯಮದ ಪಕ್ಕದಲ್ಲೇ ಇದೆ. ಅಲೆ ಪೂರ್ತಿ ಚೌಕವಾಗುವಷ್ಟು ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಏರಿಸಿದರೆ ಇದರ ಎತ್ತರ ಮೂಲದ 35ರಲ್ಲಿ ಒಂದು ಪಾಲು. ಸಣ್ಣದೇ, ಆದರೆ ಅಪಸ್ವರವಾದ್ದರಿಂದ ಕಿವಿ ಹಿಡಿದುಬಿಡುತ್ತದೆ.

“ಗಿಟಾರ್ ಸ್ಪೀಕರ್ ಹೇಗೂ 5,000 ಹರ್ಟ್ಸ್ ಮೇಲಿನದ್ದನ್ನು ಕತ್ತರಿಸುತ್ತದಲ್ವಾ, ಮತ್ತೇಕೆ ತಲೆಬಿಸಿ?” ಅನ್ನುವವರಿದ್ದಾರೆ. 1,852 ಇರುವುದು ಆ ಗೆರೆಯ ಕೆಳಗೆ, ಗಿಟಾರ್ ಎದ್ದು ಕೇಳುವ ಜಾಗದಲ್ಲೇ. ಒಮ್ಮೆ ಅಲ್ಲಿ ಬಿದ್ದ ಮೇಲೆ ಸ್ಪೀಕರಿಗೂ ಇಕ್ವಲೈಜರಿಗೂ ಅದು ನಿಮ್ಮ ಸಂಗೀತದ ಭಾಗವೇ. ಬೇರ್ಪಡಿಸಲು ದಾರಿಯಿಲ್ಲ.

ಹಾಗಾಗಿ ಅದು ಮಡಿಚಿಕೊಳ್ಳುವ ಮೊದಲೇ ತಡೆಯಬೇಕು. ಅದಕ್ಕೇ ಓವರ್‌ಸ್ಯಾಂಪ್ಲಿಂಗ್. ತಲೆ ಕತ್ತರಿಸುವ ಹಂತದಲ್ಲಿ ಮಾತ್ರ ರೇಟನ್ನು ಎಂಟು ಪಟ್ಟು, ಅಂದರೆ 3,84,000ಕ್ಕೆ ಏರಿಸುತ್ತಾರೆ. ಕತ್ತರಿಸಿ, 24,000 ಮೇಲಿನದ್ದನ್ನು ಫಿಲ್ಟರ್ ಮಾಡಿ, ಮತ್ತೆ ಕೆಳಗಿಳಿಸುತ್ತಾರೆ. ಮೊದಲು 19ನೇ ಹಾರ್ಮೋನಿಕ್ಕಿನಿಂದಲೇ ಕಾಟ ಶುರುವಾಗುತ್ತಿತ್ತು. ಈಗ 270 ದಾಟಿದ ಮೇಲೆ, ಅದೂ ತೀರಾ ಸೊರಗಿದ ರೂಪದಲ್ಲಿ. ಇಡೀ ರೆಕಾರ್ಡಿಂಗ್ ಪ್ರಾಜೆಕ್ಟನ್ನೇ 1,92,000ಕ್ಕೆ ಇಟ್ಟರೂ ಅಲಿಯಾಸಿಂಗ್ ಕಡಿಮೆಯಾಗುತ್ತದೆ. ಆದರೆ ಆಗ ರಿವರ್ಬ್, ಡಿಲೇ, ಎಲ್ಲವೂ ನಾಲ್ಕು ಪಟ್ಟು ಲೆಕ್ಕ ಮಾಡುತ್ತಾ ಕೂರಬೇಕು. “ಜಾಸ್ತಿ ಸ್ಯಾಂಪಲ್, ಜಾಸ್ತಿ ಜೀವ” ಎಂದು ನಂಬಿ ಹೀಗೆ ಮಾಡುವವರನ್ನು ನೋಡಿದರೆ ಬೇಸರವಾಗುತ್ತದೆ.

ಓವರ್‌ಸ್ಯಾಂಪ್ಲಿಂಗೂ ಪುಕ್ಕಟೆಯಲ್ಲ. ಪ್ರೊಸೆಸರ್ ಬಿಸಿಯಾಗುತ್ತದೆ, ಫಿಲ್ಟರಿನಿಂದ ಸ್ವಲ್ಪ ತಡವಾಗುತ್ತದೆ. ನುಡಿಸುವಾಗ ಎರಡು ಪಟ್ಟು ಇಟ್ಟುಕೊಂಡು, ಕೊನೆಗೆ ಫೈಲ್ ಹೊರತೆಗೆಯುವಾಗ ಎಂಟಕ್ಕೆ ಏರಿಸುವುದು ಒಳ್ಳೆಯದು. ದಪ್ಪ ತಂತಿಯಲ್ಲಿ ಬರೀ ರಿದಮ್ ನುಡಿಸುವವರು ಅಷ್ಟೂ ಚಿಂತೆ ಮಾಡಬೇಕಿಲ್ಲ. ಆ ತಂತಿ 82.4 ಹರ್ಟ್ಸ್. 24,000 ದಾಟಲು ಅದಕ್ಕೆ 291ಕ್ಕಿಂತ ಮೇಲಿನ ಹಾರ್ಮೋನಿಕ್ ಬೇಕು. ನಿಮ್ಮ ಸಾಫ್ಟ್‌ವೇರ್ ಪರೀಕ್ಷಿಸುವುದಾದರೆ ತೆಳು ತಂತಿ, ಕೊನೆಯ ಫ್ರೆಟ್, ಪೂರ್ತಿ ಗೇನ್. ಸ್ಪೀಕರ್ ಮಾಡೆಲ್ ಆಫ್ ಮಾಡಿ, ನಿಧಾನವಾಗಿ ತಂತಿ ಎಳೆಯಿರಿ. ನಿಮ್ಮ ಸ್ವರ ಏರುವಾಗ ಹಿಂದೆ ಏನೋ ಇಳಿಯುವುದು ಕೇಳಿದರೆ ಅದೇ ಅಲಿಯಾಸಿಂಗ್.