ಸಿಯಾಟಲ್ ಹಿತ್ತಲಿಗೆ ಯಾವ ಸ್ವೀಟ್ ಕಾರ್ನ್ ಬೀಜ?

ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಕಡೆ ಇದ್ದು ಈ ಸಲ ಹಿತ್ತಲಲ್ಲಿ ಸ್ವೀಟ್ ಕಾರ್ನ್ ಹಾಕೋಣ ಅಂದುಕೊಂಡವರಿಗೆ ಈ ಟಿಪ್ಪಣಿ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಬೆಳೆಯುವ ಮನೆಯಿಂದ ಬಂದವರು ಸ್ವಲ್ಪ ಜಾಸ್ತಿ ಗಮನ ಕೊಡಿ. ಅಲ್ಲಿ ಮಳೆಯದೇ ಚಿಂತೆ, ಬಿಸಿಲಿನ ಲೆಕ್ಕ ಯಾರೂ ಇಡುವುದಿಲ್ಲ. ಇಲ್ಲಿ ಉಲ್ಟಾ. ನೀರು ನಲ್ಲಿ ತಿರುಗಿಸಿದರೆ ಬರುತ್ತದೆ, ಕೊರತೆ ಇರುವುದು ಬಿಸಿಗೆ.

ಹಾಗಾಗಿ ಬೀಜದ ಪ್ಯಾಕೆಟ್ ಮೇಲೆ ಕೊಯ್ಲಿಗೆ "75 ದಿನ" ಅಂತಿದ್ದರೆ ಅದನ್ನು ಹಾಗೇ ನಂಬಬೇಡಿ. ಜೋಳದ ಗಿಡ ದಿನ ಎಣಿಸುವುದಿಲ್ಲ, ಬಿಸಿ ಎಣಿಸುತ್ತದೆ. ಲೆಕ್ಕ ಸುಲಭ: ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶದ ಸರಾಸರಿ ತೆಗೆದು ಅದರಲ್ಲಿ 10 ಕಳೆಯಿರಿ. ಎಲ್ಲಾ ಸೆಲ್ಸಿಯಸ್‌ನಲ್ಲಿ. ಗರಿಷ್ಠ 30 ದಾಟಿದರೆ 30 ಅಂತಲೇ, ಕನಿಷ್ಠ 10ಕ್ಕಿಂತ ಇಳಿದರೆ 10 ಅಂತಲೇ ಹಿಡಿಯಬೇಕು. ಅಯೋವಾದಂಥ ಜೋಳದ ನಾಡಲ್ಲಿ ಜುಲೈ ಹಗಲು ಸುಮಾರು 30, ರಾತ್ರಿ ಸುಮಾರು 20, ಅಂದರೆ ದಿನಕ್ಕೆ 15 ಜಮಾ. ಸಿಯಾಟಲ್‌ನಲ್ಲಿ ಅದೇ ಜುಲೈಗೆ ಸುಮಾರು 25 ಮತ್ತು 14, ಜಮಾ ಆಗುವುದು ಒಂಬತ್ತೂವರೆ ಅಷ್ಟೇ. ಅದೂ ನಮ್ಮ ಒಳ್ಳೆಯ ತಿಂಗಳಲ್ಲಿ! ಜೂನ್ ಇನ್ನೂ ಕಮ್ಮಿ. ಮೇ ಕೊನೆಗೆ ಬಿತ್ತಿದ 85 ದಿನದ ತಳಿ ಸೆಪ್ಟೆಂಬರ್ ಕೊನೆವರೆಗೂ ಎಳೆದುಕೊಂಡು ಹೋಗುತ್ತದೆ, ಅಷ್ಟರಲ್ಲಿ ಬಿಸಿಲು ಇಳಿದು ಮಳೆ ಶುರುವಾಗಿರುತ್ತದೆ, ತೆನೆ ಅರ್ಧಂಬರ್ಧ ತುಂಬಿ ನಿಂತುಬಿಡುತ್ತದೆ. ಅದಕ್ಕೇ 75 ದಿನದ ಒಳಗಿನ ತಳಿ ಮಾತ್ರ ನೋಡಿ.

ಇನ್ನು ಜೀನ್ ವಿಷಯ. ಬೀಜದ ಪಟ್ಟಿಯಲ್ಲಿ ಎಸ್‌ಯು (su), ಎಸ್‌ಇ (se), ಎಸ್‌ಎಚ್2 (sh2) ಅಂತ ಬರೆದಿರುತ್ತಾರೆ, ಕಾಳಿಗೆ ಸಿಹಿ ಕೊಡುವ ಜೀನ್‌ಗಳ ಗುರುತು ಅವು. ಎಲ್ಲರ ಕಣ್ಣೂ ಹೋಗುವುದು ಎಸ್‌ಎಚ್2 ಮೇಲೆ, ಅಂದರೆ ಸೂಪರ್‌ಸ್ವೀಟ್ ಮೇಲೆ. ಹೆಸರೇ ಹಾಗಿದೆ ಅಲ್ವಾ! 1950ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್ನನ್ ಈ ಜೀನ್ ಇರುವ ಕಾಳು ಎಷ್ಟು ಸಿಹಿ ಅಂತ ಗಮನಿಸಿದ ಮೇಲೆ ಈ ಬಗೆ ಬೆಳೆಯಿತು. ಸಕ್ಕರೆ ಜಾಸ್ತಿ, ಆದರೆ ಪಿಷ್ಟ ಕಮ್ಮಿ. ಒಣಗಿದ ಬೀಜ ಕೈಯಲ್ಲಿ ಹಿಡಿದು ನೋಡಿ, ಸುಕ್ಕುಗಟ್ಟಿ ಹಗುರವಾಗಿರುತ್ತದೆ. ಎಲೆ ಬರುವವರೆಗೆ ಮೊಳಕೆ ಬದುಕುವುದು ಆ ಪಿಷ್ಟದ ಮೇಲೆಯೇ, ಆದ್ದರಿಂದ ಈ ಬೀಜ ಬುತ್ತಿ ಇಲ್ಲದೆ ದೂರದ ದಾರಿ ಹಿಡಿದಂತೆ. ಮಣ್ಣು 18 ಡಿಗ್ರಿ ದಾಟಿದ್ದರೆ ಹೇಗೋ ಬೇಗ ಮೇಲೆ ಬರುತ್ತದೆ. ನಮ್ಮ ಮೇ ತಿಂಗಳ ತಣ್ಣನೆ ಒದ್ದೆ ಮಣ್ಣಲ್ಲಿ ಕೊಳೆಯುವುದೇ ಹೆಚ್ಚು. ಹಳೇ ಬಗೆಯ ಎಸ್‌ಯು ಸುಮಾರು 13 ಡಿಗ್ರಿಗೂ ಮೊಳೆಯುತ್ತದೆ, ಎಸ್‌ಇಗೆ 15–16 ಇದ್ದರೆ ಒಳ್ಳೆಯದು.

ಸೂಪರ್‌ಸ್ವೀಟ್‌ನ ದೊಡ್ಡ ಲಾಭ ಏನಪ್ಪಾ ಅಂದರೆ ಕಿತ್ತ ಮೇಲೂ ಬಹಳ ದಿನ ಸಿಹಿ ಉಳಿಯುತ್ತದೆ. ಲಾರಿಯಲ್ಲಿ ಸಾಗಿಸಿ ಅಂಗಡಿಯಲ್ಲಿ ಇಡುವವರಿಗೆ ಅದು ಬೇಕು. ಹಿತ್ತಲಿಂದ ಕಿತ್ತು ನೇರ ಕುದಿಯುವ ನೀರಿಗೆ ಹಾಕುವ ನಮಗೆ ಯಾಕೆ? ಎಸ್‌ಇ ಸಾಕಷ್ಟು ಸಿಹಿ, ಕಾಳಿನ ಸಿಪ್ಪೆಯೂ ಮೃದು. ನನ್ನ ಓಟು ಅದಕ್ಕೇ.

ಬಿತ್ತುವ ಮೊದಲು ಇದನ್ನೂ ನೆನಪಿಡಿ. ಎಸ್‌ಯು, ಎಸ್‌ಇ ಪಕ್ಕಪಕ್ಕ ಹಾಕಿದರೆ ತೊಂದರೆ ಇಲ್ಲ. ಎಸ್‌ಎಚ್2 ಜೊತೆ ಇವೆರಡನ್ನೂ ಬೆರೆಸಬಾರದು. ಎರಡೂ ಕಡೆ ಸಿಹಿ ಬರುವುದು ಕೆಟ್ಟುಹೋದ ಬೇರೆ ಬೇರೆ ಜೀನ್‌ನಿಂದ. ಪರಾಗ ಬೆರೆತರೆ ಇವನಲ್ಲಿ ಕೆಟ್ಟಿದ್ದನ್ನು ಅವನ ಸರಿಯಾದ ಪ್ರತಿ ಮುಚ್ಚಿಬಿಡುತ್ತದೆ, ಕಾಳು ದನದ ಮೇವಿನ ಜೋಳದಂತೆ ಪಿಷ್ಟ ತುಂಬಿ ಗಟ್ಟಿಯಾಗುತ್ತದೆ. ಮುಂದಿನ ವರ್ಷವಲ್ಲ, ಅದೇ ತೆನೆಯಲ್ಲೇ.

ತಳಿಗಳಲ್ಲಿ ಅರ್ಲಿ ಸನ್‌ಗ್ಲೋ ಎಸ್‌ಯು, ಸುಮಾರು 63 ದಿನ. ಗಿಡ ಕುಳ್ಳು, ತೆನೆಯೂ ಚಿಕ್ಕದು, ಆದರೆ ತಂಪಿಗೆ ಜಗ್ಗುವುದಿಲ್ಲ. ಶುಗರ್ ಬನ್ಸ್ ಎಸ್‌ಇ, 70ರ ಆಸುಪಾಸು, ರುಚಿಯಲ್ಲಿ ಇದೇ ಮೇಲು. ಬಣ್ಣ ಬೆರೆತ ಕಾಳು ಬೇಕಿದ್ದರೆ ಟ್ರಿನಿಟಿ. ಜುಬಿಲಿ ಆರೆಗಾನ್‌ನ ವಿಲಮೆಟ್ ಕಣಿವೆಯಲ್ಲಿ ಹೆಸರಾದದ್ದು, ರುಚಿಗೆ ಎರಡು ಮಾತಿಲ್ಲ, ಆದರೆ 85 ದಿನ ಕೇಳುತ್ತದೆ. ಬೀಜ ಉಳಿಸಿಕೊಳ್ಳುವ ಆಸೆ ಇದ್ದವರು ಗೋಲ್ಡನ್ ಬ್ಯಾಂಟಮ್ ನೋಡಿ, ಅದು ಹೈಬ್ರಿಡ್ ಅಲ್ಲ. 1902ರಲ್ಲಿ ಬರ್ಪಿ ಕಂಪನಿ ಮಾರಾಟಕ್ಕೆ ಬಿಟ್ಟಿತು. ಅಲ್ಲಿವರೆಗೆ ಅಮೆರಿಕದಲ್ಲಿ ಹಳದಿ ಜೋಳ ಅಂದರೆ ದನಕ್ಕೆ ಹಾಕುವುದು, ಮನುಷ್ಯರು ತಿನ್ನುವುದು ಬಿಳಿಯದು ಅಂತಿದ್ದರಂತೆ!

ಒಂದೇ ಉದ್ದ ಸಾಲು ಬೇಡ, ನಾಲ್ಕು ಚಿಕ್ಕ ಸಾಲು ಚೌಕವಾಗಿ ಹಾಕಿ. ಪರಾಗ ಗಾಳಿಯಲ್ಲಿ ಬೀಳುತ್ತದೆ, ತೆನೆಯ ತುದಿಯಲ್ಲಿರುವ ಒಂದೊಂದು ರೇಷ್ಮೆಯಂಥ ಎಳೆಗೂ ಅದು ತಾಕಿದರೆ ಒಂದೊಂದು ಕಾಳು. ಬೆಚ್ಚಗಿನ ಊರುಗಳಲ್ಲಿ ಎರಡು ವಾರಕ್ಕೊಮ್ಮೆ ಬಿತ್ತಿ ಬೇಸಿಗೆಯಿಡೀ ತಿನ್ನುತ್ತಾರೆ. ಇಲ್ಲಿ ತಡವಾಗಿ ಬಿತ್ತಿದ್ದು ಬಲಿಯುವುದೇ ಕಷ್ಟ, ಹಾಗಾಗಿ ಅರ್ಲಿ ಸನ್‌ಗ್ಲೋ ಮತ್ತು ಶುಗರ್ ಬನ್ಸ್ ಎರಡನ್ನೂ ಒಂದೇ ದಿನ, ತಲಾ ಒಂದು ಚೌಕ ಬಿತ್ತಿ. ಮೊದಲನೆಯದು ಮುಗಿಯುವ ಹೊತ್ತಿಗೆ ಎರಡನೆಯದು ಕೈಗೆ ಬರುತ್ತದೆ.