ನಮ್ಮ ನಂತರ ಕೂಡುವವರು: ಶಾಲಾ ಕಂಪ್ಯೂಟರ್ ನಿಯಮಗಳ ಟಿಪ್ಪಣಿ

ಬಿ.ಎಡ್. ಓದುತ್ತಿರುವ ಗೆಳೆಯ ಗೆಳತಿಯರೇ, "ಶಾಲೆಯಲ್ಲಿ ಕಂಪ್ಯೂಟರ್ ಮತ್ತು ಅಂತರ್ಜಾಲದ ಜವಾಬ್ದಾರಿಯುತ ಬಳಕೆಗೆ ನಿಯಮಗಳನ್ನು ರೂಪಿಸಿ" ಎಂಬ ಪ್ರಶ್ನೆಗೆ ನಾವೆಲ್ಲ ಹತ್ತು ನಿಯಮ ಬಾಯಿಪಾಠ ಮಾಡಿಕೊಂಡು ಹೋಗುತ್ತೇವೆ. ನಾನೂ ಮಾಡಿದ್ದೆ. ರಾಯಚೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಇಂಟರ್ನ್‌ಶಿಪ್ ಮುಗಿಸಿ ಬಂದ ಮೇಲೆ ಆ ಹತ್ತನ್ನೂ ಹೊಡೆದುಹಾಕಿ ಹೊಸದಾಗಿ ಬರೆದುಕೊಂಡೆ. ಯಾಕೆ ಎಂಬುದನ್ನು ಮೊದಲು ಹೇಳುತ್ತೇನೆ.

ಅಲ್ಲಿನ ಲ್ಯಾಬಿನಲ್ಲಿ ಚಾಲೂ ಇದ್ದದ್ದು ಎಂಟು ಕಂಪ್ಯೂಟರ್. ಒಂಬತ್ತನೇ ತರಗತಿಯಲ್ಲಿ ನಲವತ್ತೆಂಟು ಮಕ್ಕಳು. ಒಬ್ಬ ಹುಡುಗಿ ಸ್ಕಾಲರ್‌ಶಿಪ್ ಅರ್ಜಿಯ ಪ್ರಿಂಟ್ ತೆಗೆಯಲು ತನ್ನ ಅಣ್ಣನ ಮೇಲ್ ತೆರೆದಿದ್ದಳು. ಗಂಟೆ ಹೊಡೆಯಿತು, ಎದ್ದು ಹೋದಳು. ಮುಂದಿನ ಪೀರಿಯಡ್ಡಿಗೆ ಬಂದ ಹುಡುಗರು ಅದೇ ಮೇಲಿನಿಂದ ಅವಳ ಅಣ್ಣನ ಪರಿಚಯದವರಿಗೆಲ್ಲ ಹೊಲಸು ಮಾತು ಬರೆದು ಕಳಿಸಿದರು. ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅವಳು ಒಂದೇ ಮಾತು ಹೇಳುತ್ತಿದ್ದಳು: "ನಾ ಕಳಿಸಿಲ್ರೀ ಮೇಡಂ, ನಾ ಕಳಿಸಿಲ್ಲ."

ಲ್ಯಾಬಿನ ಗೋಡೆಯ ಮೇಲೆ ನಿಯಮಗಳ ಚಾರ್ಟ್ ಇತ್ತು. "ನಿಮ್ಮ ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ" ಎಂಬುದು ಅದರ ಮೊದಲ ಸಾಲು. ಅವಳು ಯಾರಿಗೂ ಹೇಳಿರಲಿಲ್ಲ. ನಿಯಮ ಪಾಲಿಸಿದ್ದಳು, ಆದರೂ ಪೆಟ್ಟು ತಿಂದಳು.

ಆ ಚಾರ್ಟು ಒಬ್ಬರಿಗೆ ಒಂದು ಯಂತ್ರ ಇರುವ ಕಡೆಗೆ ಬರೆದಂತಿತ್ತು. ನಮ್ಮ ಶಾಲೆಗಳಲ್ಲಿ ಒಂದು ಕುರ್ಚಿಗೆ ದಿನಕ್ಕೆ ಹತ್ತಿಪ್ಪತ್ತು ಮಕ್ಕಳು. ಹಾಗಾಗಿ ಪ್ರತಿ ನಿಯಮವನ್ನೂ ನಾನೀಗ ಒಂದು ಪ್ರಶ್ನೆ ಇಟ್ಟುಕೊಂಡು ಓದುತ್ತೇನೆ: ನನ್ನ ನಂತರ ಇಲ್ಲಿ ಕೂಡುವವರಿಗೆ ನಾನು ಏನು ಬಿಟ್ಟು ಹೋಗುತ್ತಿದ್ದೇನೆ?

ಎದ್ದು ಹೋಗುವ ಹೊತ್ತು

ಈ ಭಾಗವನ್ನು ಪರೀಕ್ಷೆಗಲ್ಲದಿದ್ದರೂ ಮಕ್ಕಳಿಗೆ ಹೇಳಲಿಕ್ಕಾದರೂ ಸರಿಯಾಗಿ ತಿಳಿದುಕೊಳ್ಳಿ. ಬ್ರೌಸರ್ ಮುಚ್ಚಿದರೆ ಮೇಲ್ ಮುಚ್ಚಿದಂತಲ್ಲ. ಲಾಗಿನ್ ಆದಾಗ ಆ ಜಾಲತಾಣ 'ಕುಕಿ' ಎಂಬ ಸಣ್ಣ ಗುರುತಿನ ಚೀಟಿಯನ್ನು ನಮ್ಮ ಬ್ರೌಸರಿನಲ್ಲಿ ಇಡುತ್ತದೆ. ಮತ್ತೆ ತೆರೆದಾಗ ಆ ಚೀಟಿ ನೋಡಿ ಒಳಗೆ ಬಿಡುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ. ಕುಳಿತವರು ಬೇರೆಯವರು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಲಾಗೌಟ್ ಒತ್ತಿದರೆ ಆ ಚೀಟಿ ರದ್ದಾಗುತ್ತದೆ. "ಪಾಸ್‌ವರ್ಡ್ ಉಳಿಸಲೇ?" ಎಂದು ಬ್ರೌಸರ್ ಕೇಳಿದರೆ ಶಾಲೆಯ ಯಂತ್ರದಲ್ಲಿ ಬೇಡ ಎನ್ನಬೇಕು.

ಬ್ರೌಸರಿನ ಪ್ರೈವೇಟ್ (ಇನ್‌ಕಾಗ್ನಿಟೊ) ವಿಂಡೋ ತೆರೆದು ಕೆಲಸ ಮಾಡುವುದು ಒಳ್ಳೆಯ ರೂಢಿ. ಅಂಥ ವಿಂಡೋಗಳನ್ನೆಲ್ಲ ಮುಚ್ಚಿದೊಡನೆ ಕುಕಿ, ಹಿಸ್ಟರಿ ಎರಡೂ ಹೋಗುತ್ತವೆ. ಆದರೆ "ನಾವು ನೋಡಿದ್ದು ಯಾರಿಗೂ ಗೊತ್ತಾಗಲ್ಲ" ಎಂದು ಮಕ್ಕಳು ನಂಬಿಕೊಂಡಿರುತ್ತಾರೆ. ಅದು ತಪ್ಪು. ನಾವು ಯಾವ ತಾಣಕ್ಕೆ ಹೋದೆವು ಎಂಬುದು ಶಾಲೆಯ ನೆಟ್‌ವರ್ಕಿಗೂ ಇಂಟರ್ನೆಟ್ ಕೊಡುವ ಕಂಪನಿಗೂ ತಿಳಿಯಬಲ್ಲದು. ಡೌನ್‌ಲೋಡ್ ಮಾಡಿದ ಫೈಲೂ ಹಾಗೆಯೇ ಉಳಿಯುತ್ತದೆ. ನಾನಿದ್ದ ಲ್ಯಾಬಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಮಕ್ಕಳ ಆಧಾರ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲ ಬಿದ್ದಿದ್ದವು. ಪ್ರಿಂಟ್ ಆದ ಮೇಲೆ ಅಳಿಸಬೇಕು, ರಿಸೈಕಲ್ ಬಿನ್‌ನಿಂದಲೂ ತೆಗೆಯಬೇಕು.

ಇನ್ನು ಪಾಸ್‌ವರ್ಡ್. ಮಕ್ಕಳಿಗೆ ಇದನ್ನು ಗಣಿತವಾಗಿ ಹೇಳಿ, ತಟ್ಟನೆ ಹಿಡಿಯುತ್ತಾರೆ. ನಾಲ್ಕು ಅಂಕಿಯ ಪಿನ್ ಎಂದರೆ ಒಟ್ಟು 10,000 ಸಾಧ್ಯತೆ. ಬರೀ ಸಣ್ಣಕ್ಷರದ ಎಂಟು ಇಂಗ್ಲಿಷ್ ಅಕ್ಷರವಾದರೆ 26ರ ಎಂಟನೇ ಘಾತ, ಸುಮಾರು 20,882 ಕೋಟಿ. ಒಂದೊಂದು ಅಕ್ಷರ ಸೇರಿದಂತೆ ಅದು 26 ಪಟ್ಟು ಬೆಳೆಯುತ್ತದೆ. ಹಾಗಾಗಿ ವಿಚಿತ್ರ ಚಿಹ್ನೆಗಿಂತ ಉದ್ದವೇ ಹೆಚ್ಚಿನ ರಕ್ಷಣೆ. 'ನಮ್ಮ ಹೊಲದ ಜೋಳ ಕಾಗೆ ತಿಂತು' ಎಂಬಂಥ ಸ್ವಂತ ವಾಕ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಇಪ್ಪತ್ತು ಅಕ್ಷರ ದಾಟುತ್ತದೆ, ಮರೆಯುವುದೂ ಇಲ್ಲ. ಹೆಸರಿನ ಮುಂದೆ 123 ಅಥವಾ ಹುಟ್ಟಿದ ವರ್ಷ ಹಾಕಿದರೆ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಊಹಿಸುವವರು ಶುರು ಮಾಡುವುದೇ ಅಲ್ಲಿಂದ.

ಯಂತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚಪ್ಪಲಿ ಹೊರಗೆ ಬಿಡುವುದು ಧೂಳಿಗಾಗಿ. ನಮ್ಮ ಕಡೆಯ ಬೇಸಿಗೆಯಲ್ಲಿ ಧೂಳು ಕೂತ ಫ್ಯಾನು ಯಂತ್ರದ ಬಿಸಿಯನ್ನು ಹೊರಗೆ ಹಾಕಲಾರದು. ಕರೆಂಟ್ ಹೋದಾಗ ಯುಪಿಎಸ್ ಕೊಡುವ ಕೆಲವೇ ನಿಮಿಷ ಫೈಲ್ ಉಳಿಸಿ ಶಟ್‌ಡೌನ್ ಮಾಡಲಿಕ್ಕೆ, ಆಟ ಮುಂದುವರಿಸಲಿಕ್ಕಲ್ಲ. ಹೊರಗಿನ ಪೆನ್‌ಡ್ರೈವ್ ಹಾಕುವ ಮುನ್ನ ಶಿಕ್ಷಕರಿಗೆ ತೋರಿಸಬೇಕು. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುವ ವೈರಸ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವುದು ಪೆನ್‌ಡ್ರೈವಿನ ಮೂಲಕವೇ.

ಮಸ್ಕಿ ಶಾಸನ ಮತ್ತು ನಕಲು

'ಕೃತಿಚೌರ್ಯ ಮಾಡಬಾರದು' ಎಂದು ಬರೆದು ಮುಂದೆ ಹೋಗಬೇಡಿ. ಅದರಲ್ಲಿ ಎರಡು ಬೇರೆ ವಿಷಯಗಳಿವೆ. ಮೊದಲನೆಯದು, ನಕಲಿನ ಜೊತೆ ತಪ್ಪೂ ಬರುತ್ತದೆ.

ಮಕ್ಕಳಿಗೆ ಮಸ್ಕಿಯ ಅಶೋಕನ ಶಾಸನದ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದೆ. ನಮ್ಮ ಜಿಲ್ಲೆಯದೇ, 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಪತ್ತೆಮಾಡಿದ್ದು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಸಿಕ್ಕಿ, ಆ ಬಿರುದಿನ ರಾಜ ಅಶೋಕನೇ ಎಂದು ಗಟ್ಟಿಯಾದದ್ದು ಇದರಿಂದ. ಬಂದ ಪ್ರಾಜೆಕ್ಟುಗಳಲ್ಲಿ ಮುಕ್ಕಾಲು ಪಾಲಿನಲ್ಲಿ ಒಂದೇ ವಾಕ್ಯ: "ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿ." ಇದು ತಪ್ಪು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳಂ ಶಾಸನಗಳಲ್ಲೂ ಮಧ್ಯಪ್ರದೇಶದ ಗುಜರ್ರಾದಲ್ಲೂ ಆ ಹೆಸರಿದೆ. ಒಬ್ಬರು ಬರೆದ ತಪ್ಪು ಇನ್ನೊಬ್ಬರ ಪುಟಕ್ಕೆ, ಅಲ್ಲಿಂದ ನಮ್ಮ ಮಕ್ಕಳ ವಹಿಗೆ ನಡೆದು ಬಂದಿತ್ತು. ಎರಡು ಕಡೆ ನೋಡು ಎಂಬ ನಿಯಮ ಇದಕ್ಕೇ. ಆ ಎರಡು ಕಡೆಯೂ ಒಂದನ್ನೊಂದು ನೋಡಿ ಬರೆದದ್ದಾಗಿದ್ದರೆ ಅದನ್ನು ಎರಡು ಎಂದು ಎಣಿಸುವಂತಿಲ್ಲ.

ಎರಡನೆಯದು ಹಕ್ಕು. ಶಾಸನದ ವಿಷಯ ಯಾರ ಸೊತ್ತೂ ಅಲ್ಲ. ಅದರ ಬಗ್ಗೆ ಒಬ್ಬರು ಬರೆದ ವಾಕ್ಯ, ತೆಗೆದ ಫೋಟೋ ಅವರದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪಾಠ ಹೇಳುವಾಗ, ಕಲಿಯುವಾಗ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ವಿನಾಯಿತಿ ಕೊಡುತ್ತದೆ. ಹಾಗೆಂದು ಬರೆದವರ ಹೆಸರು ಬಿಟ್ಟು ನಮ್ಮದೆಂದು ತೋರಿಸಲು ಬರುವುದಿಲ್ಲ. ವಿಕಿಪೀಡಿಯದ ಬರಹವನ್ನು ಬಳಸಲು ಮುಕ್ತ ಪರವಾನಗಿ ಇದೆ, ಆದರೆ ಮೂಲವನ್ನು ಹೆಸರಿಸಬೇಕು ಎಂಬ ಕರಾರಿನ ಮೇಲೆ. ಚಾಟ್‌ಬಾಟ್ ಬರೆದುಕೊಟ್ಟದ್ದಕ್ಕೂ ನಾನು ಇದನ್ನೇ ಹೇಳುತ್ತೇನೆ: ಬಳಸಿದ್ದನ್ನು ಮುಚ್ಚಿಡಬೇಡ, ಪರೀಕ್ಷಿಸದೆ ನಂಬಬೇಡ, ನಿನ್ನ ಹೆಸರು, ಶಾಲೆ, ಮನೆ ವಿಷಯ ಅದರಲ್ಲಿ ಟೈಪ್ ಮಾಡಬೇಡ.

ಸ್ಕಾಲರ್‌ಶಿಪ್ ಲಿಂಕ್

"ಉಚಿತ ಲ್ಯಾಪ್‌ಟಾಪ್, ಇಂದೇ ಕೊನೆ ದಿನ" ಎಂಬ ವಾಟ್ಸಾಪ್ ಸಂದೇಶ ನಂಬಿ ಮಕ್ಕಳು ಲ್ಯಾಬಿಗೆ ಓಡಿ ಬರುತ್ತಾರೆ. ಬಡತನವೇ ಇಲ್ಲಿ ಗಾಳ, ಅದಕ್ಕೆ ನನಗೆ ಬಹಳ ಸಂಕಟವಾಗುತ್ತದೆ. ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೆ ತಾಣ ಸಾಚಾ ಎಂದು ನಾವೇ ಕಲಿಸಿಬಿಟ್ಟಿದ್ದೇವೆ. ಬೀಗ ಹೇಳುವುದು ದಾರಿ ಭದ್ರವಾಗಿದೆ ಎಂದಷ್ಟೇ. ದಾರಿಯ ಆ ತುದಿಯಲ್ಲಿ ಕುಳಿತವನು ಕಳ್ಳನೂ ಆಗಿರಬಹುದು. ನೋಡಬೇಕಾದದ್ದು ವಿಳಾಸವನ್ನು. ಸರ್ಕಾರದ ತಾಣ ಎನ್ನುವುದಾದರೆ ಮೊದಲ ಒಂಟಿ ಓರೆಗೆರೆಯ (/) ತನಕದ ಭಾಗ 'ಡಾಟ್ ಗವ್ ಡಾಟ್ ಇನ್' (.gov.in) ಎಂದೇ ಮುಗಿಯಬೇಕು. ಆ ಅಕ್ಷರಗಳು ನಡುವೆಲ್ಲೋ ಇದ್ದರೆ ಸಾಲದು. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದರ್ಥ. ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕಾನೂನು: ಎಷ್ಟು ಬೇಕೋ ಅಷ್ಟು

ಹಳೆಯ ನೋಟ್ಸ್‌ಗಳಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಎ ಕಲಂ (ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧ ಎಂದಿದ್ದದ್ದು) ಇನ್ನೂ ಇದೆ. ಬರೆಯಬೇಡಿ, ಸುಪ್ರೀಂ ಕೋರ್ಟ್ ಅದನ್ನು 2015ರ ಮಾರ್ಚ್ 24ರಂದು ರದ್ದುಮಾಡಿದೆ. ನೆನಪಿಡಬೇಕಾದವು: ಇನ್ನೊಬ್ಬರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಬಳಸುವುದರ ಬಗ್ಗೆ 66ಸಿ (ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ), ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದು, ಹಂಚುವುದರ ಬಗ್ಗೆ 66ಇ, ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ 67ಬಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಶಾಲೆಯ ಫೇಸ್‌ಬುಕ್ ಪುಟಕ್ಕೆ ಮಕ್ಕಳ ಹೆಸರು, ಫೋಟೋ, ತರಗತಿ ಸಮೇತ ಹಾಕುವ ನಾವು ಶಿಕ್ಷಕರೂ ಇದನ್ನು ಓದಿಕೊಳ್ಳಬೇಕು.

"ತಪ್ಪು ಮಾಡಿದರೆ ಜೈಲು" ಎಂದು ಚಾರ್ಟಿನಲ್ಲಿ ಬರೆಯುವುದನ್ನು ನಾನು ಒಪ್ಪುವುದಿಲ್ಲ. 18ರ ಒಳಗಿನವರ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೆದರಿದ ಮಗು ಹೇಳುವುದನ್ನೇ ಬಿಡುತ್ತದೆ.

ಆ ಶಾಲೆಯಲ್ಲಿ ಆದದ್ದೂ ಅದೇ. ಮೇಲ್ ಪ್ರಕರಣದ ನಂತರ ಹದಿನೈದು ದಿನ ಲ್ಯಾಬಿಗೆ ಬೀಗ ಬಿತ್ತು. ಹೇಳಿಕೊಂಡ ಹುಡುಗಿಯ ಮೇಲೆ ಇಡೀ ತರಗತಿ ಸಿಟ್ಟಾಯಿತು. ಇನ್ನು ಮುಂದೆ ಯಾರು ಹೇಳುತ್ತಾರೆ? ಪರದೆಯ ಮೇಲೆ ಕೆಟ್ಟ ಚಿತ್ರ ತಾನಾಗಿ ಬಂದರೆ, ಯಾರಾದರೂ ಫೋಟೋ ಇಟ್ಟುಕೊಂಡು ಬೆದರಿಸಿದರೆ, ಮೊದಲು ಮಾನಿಟರ್ ಆಫ್ ಮಾಡು, ಸಂದೇಶ ಅಳಿಸಬೇಡ, ಬಂದು ಹೇಳು, ನಿನಗೆ ಶಿಕ್ಷೆ ಇಲ್ಲ: ಈ ಸಾಲು ನಿಮ್ಮ ಉತ್ತರದಲ್ಲಿ ಇರಲೇಬೇಕು. ಶಿಕ್ಷಕರಿಗೆ ಹೇಳಲಾಗದಿದ್ದರೆ 1098, ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ.

ಬೀಗ ತೆಗೆದ ದಿನ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಹೊಸ ಚಾರ್ಟನ್ನು ಮಕ್ಕಳಿಂದಲೇ ಬರೆಸಿದೆ. ಮೊದಲ ಸಾಲು ಏನಿರಬೇಕು ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು ಆ ಹುಡುಗಿಯೇ ಹೇಳಿದಳು. ಅವಳ ಮಾತನ್ನು ತಿದ್ದದೆ ಹಾಗೆಯೇ ಬರೆದೆವು: "ಏಳಾಕ ಮೊದ್ಲ ಲಾಗೌಟ್ ಮಾಡು. ಮೊದಲಿನವ್ರು ಮರ್ತಿದ್ರ ಓದಲಾರ್ದ ನೀನ ಮಾಡು."